ಬ್ರಿಟನ್ನಿನಲ್ಲಿ ಅಸೈಲಂ ಅರ್ಜಿ ತಿರಸ್ಕಾರ ಆಗಿದೆ, ಟ್ರಿಬ್ಯೂನಲ್‌ಗೆ ಮೇಲ್ಮನವಿ ಹಾಕುವುದು ಹೇಗೆ?

ಕಾವೇರಿತೀರ:

ಎಲ್ಲರಿಗೂ ನಮಸ್ಕಾರ. ನಾನು ಲಂಡನ್ನಿನಲ್ಲಿ ಇದ್ದೇನೆ. ಶನಿವಾರ ಒಂದು ಕಡೆ ಇಂಗ್ಲಿಷ್ ಕಲಿಸಲು ಹೋಗುತ್ತೇನೆ, ಸಂಬಳಕ್ಕಲ್ಲ, ಸಹಾಯಕ್ಕೆ. ಅಲ್ಲಿಗೆ ಬರುವ ಒಬ್ಬ ಅಕ್ಕ ಶ್ರೀಲಂಕಾದ ಜಾಫ್ನಾ ಕಡೆಯ ತಮಿಳರು. ನನಗೆ ತಮಿಳು ಅಷ್ಟೋ ಇಷ್ಟೋ ಬರುತ್ತದೆ ಎಂದು ಗೊತ್ತಾದ ಮೇಲೆ ನನ್ನ ಹತ್ತಿರ ಮನಸ್ಸು ಬಿಚ್ಚಿ ಮಾತಾಡುತ್ತಾರೆ. ಇಲ್ಲಿ ಆಶ್ರಯ ಕೊಡಿ ಎಂದು ಅವರು ಹಾಕಿದ್ದ ಅಸೈಲಂ ಅರ್ಜಿಯನ್ನು ಹೋಮ್ ಆಫೀಸ್, ಅಂದರೆ ಇಲ್ಲಿನ ಗೃಹ ಇಲಾಖೆ, ತಿರಸ್ಕರಿಸಿದೆ. 17 ಪುಟದ ಕಾಗದ ಬಂದಿದೆ. ಅವರು ಮೊದಲ ಪುಟ ನೋಡಿ ಹಾಗೇ ಮಡಚಿ ಕವರಿನೊಳಗೆ ಇಟ್ಟುಬಿಟ್ಟಿದ್ದರು. "ನೀನೇ ಓದಮ್ಮ, ನನ್ನ ಕೈಲಿ ಆಗುವುದಿಲ್ಲ" ಎಂದು ನಿನ್ನೆ ನನ್ನ ಕೈಗೆ ಕೊಟ್ಟರು.

ನನಗೂ ಕೋರ್ಟು ಕಚೇರಿ ಗೊತ್ತಿಲ್ಲ. ಈಗ ಅವರನ್ನು ತಕ್ಷಣ ವಾಪಸ್ ಕಳಿಸಿಬಿಡುತ್ತಾರಾ? ಮೇಲ್ಮನವಿ ಹಾಕಲು ಎಷ್ಟು ದಿನ ಇದೆ? ಯಾರನ್ನು ಹಿಡಿಯಬೇಕು? ಅವರ ಊರಿನಲ್ಲಿ ಏನಾಯಿತು ಎಂಬುದನ್ನು ಇಲ್ಲಿ ಬರೆಯುವುದಿಲ್ಲ, ಅದು ಅವರ ಬದುಕು. ದಾರಿ ಹೇಗಿದೆ ಅಂತ ಗೊತ್ತಿರುವವರು ದಯವಿಟ್ಟು ಹೇಳಿ.

ಹಳೇಗುಮಾಸ್ತ:

ಮೊದಲು ಒಂದು ಕೆಲಸ ಮಾಡಿ. ಆ ಕಾಗದ ತೆಗೆದು ಅದರ ಮೇಲಿನ ದಿನಾಂಕ ನೋಡಿ. ಉಳಿದದ್ದೆಲ್ಲ ಆಮೇಲೆ.

ನಾನು ಇಲ್ಲಿ ಒಂದು ಸಾಲಿಸಿಟರ್ (ವಕೀಲರ) ಆಫೀಸಿನಲ್ಲಿ ಹಲವು ವರ್ಷ ಅಸೈಲಂ ಫೈಲುಗಳನ್ನು ನೋಡಿಕೊಂಡಿದ್ದೆ. ದೇಶದೊಳಗೆ ಇರುವವರಿಗೆ ಮೇಲ್ಮನವಿಗೆ 14 ದಿನ. ಆ 14 ದಿನ ಶುರುವಾಗುವುದು ಕಾಗದ ನಮ್ಮ ಕೈಗೆ ಬಂದ ದಿನದಿಂದ ಅಲ್ಲ, ಅವರು ಕಳಿಸಿದ ದಿನದಿಂದ. ಶನಿವಾರ, ಭಾನುವಾರ ಎಲ್ಲಾ ಲೆಕ್ಕಕ್ಕೆ ಸೇರುತ್ತದೆ. ಕವರಿನೊಳಗೆ ಮಡಚಿಟ್ಟಾಗಲೂ ದಿನ ಓಡುತ್ತಲೇ ಇರುತ್ತದೆ. ಆ ಕವರನ್ನೂ ಬಿಸಾಡಬೇಡಿ, ಅಂಚೆ ಮುದ್ರೆ ಬೇಕಾಗಬಹುದು.

ಎರಡನೆಯದು, ಕಾಗದದ ಕೊನೆಯ ಪುಟಗಳಿಗೆ ಹೋಗಿ. ಮೇಲ್ಮನವಿ ಹಕ್ಕು ಇದೆ ಎಂದು ಅಲ್ಲಿ ಬರೆದಿರಬೇಕು. ಅದರ ಬದಲು ಸೆಕ್ಷನ್ 94 ಪ್ರಕಾರ ಸರ್ಟಿಫೈ ಮಾಡಿದ್ದೇವೆ ಅಂತ ಇದ್ದರೆ, ಅಂದರೆ ಈ ಅರ್ಜಿಗೆ ಆಧಾರವೇ ಇಲ್ಲ ಎಂದು ಅವರು ಮುದ್ರೆ ಒತ್ತಿದ್ದರೆ, ಮೇಲ್ಮನವಿ ಕೇಳುವ ಟ್ರಿಬ್ಯೂನಲ್‌ನ ಬಾಗಿಲು ಮುಚ್ಚಿದ ಹಾಗೆ. ಆಗ ಜುಡಿಷಿಯಲ್ ರಿವ್ಯೂ, ಅಂದರೆ ಆ ತೀರ್ಮಾನ ಕಾನೂನಿನ ಪ್ರಕಾರ ಇದೆಯೇ ಎಂದು ಕೋರ್ಟು ನೋಡುವ ಬೇರೆ ದಾರಿ, ಅದು ವಕೀಲರಿಲ್ಲದೆ ಆಗುವ ಮಾತಲ್ಲ.

ಹಕ್ಕು ಇದೆ ಅಂತಾದರೆ ಸ್ವಲ್ಪ ಉಸಿರು ಬಿಡಿ. ಮೇಲ್ಮನವಿಯನ್ನು ಗಡುವಿನೊಳಗೆ ಹಾಕಿ, ಅದು ನಡೆಯುತ್ತಿರುವಷ್ಟು ಕಾಲ ಅವರನ್ನು ದೇಶದಿಂದ ಹೊರಗೆ ಕಳಿಸುವಂತಿಲ್ಲ. ಆದರೆ ಅವರಾಗಿ ದೇಶ ಬಿಟ್ಟು ಹೋದರೆ ಮೇಲ್ಮನವಿ ಅಲ್ಲಿಗೇ ಬಿದ್ದುಹೋಗುತ್ತದೆ. ಮನೆಯಲ್ಲಿ ಯಾರಿಗೋ ಹುಷಾರಿಲ್ಲ, ನಾಲ್ಕು ದಿನ ಹೋಗಿ ಬರುತ್ತೇನೆ ಅನ್ನುವ ಹಾಗಿಲ್ಲ.

ಕಾವೇರಿತೀರ:

ನೋಡಿದೆ ಸರ್. ದಿನಾಂಕ ಬಿದ್ದು ಇವತ್ತಿಗೆ 6 ದಿನ. ಅಂದರೆ ಉಳಿದಿರುವುದು 8. ಕೊನೆಯ ಪುಟದಲ್ಲಿ ಮೇಲ್ಮನವಿ ಹಕ್ಕು ಇದೆ ಅಂತಲೇ ಬರೆದಿದೆ. ಫಾರಂ ನಾನೇ ತುಂಬಿಕೊಡಬಹುದಾ?

ಹಳೇಗುಮಾಸ್ತ:

ಜೊತೆಗಿರಿ, ಓದಿ ಹೇಳಿ, ಫೋನ್ ಮಾಡಿ. ಆದರೆ ಕೇಸಿನ ಬಗ್ಗೆ ಸಲಹೆ ಕೊಡುವುದು ಬೇಡ. ಇದನ್ನು ಇಷ್ಟು ಕಡ್ಡಾಯವಾಗಿ ಹೇಳುವುದಕ್ಕೆ ಕಾರಣ ಇದೆ. 1999ರ ಇಮಿಗ್ರೇಷನ್ ಅಂಡ್ ಅಸೈಲಂ ಕಾಯ್ದೆಯ ಪ್ರಕಾರ ಅರ್ಹತೆ ಇಲ್ಲದವರು ಇಮಿಗ್ರೇಷನ್ ಸಲಹೆ ಕೊಡುವುದು ಅಪರಾಧ, ಪುಕ್ಕಟೆ ಕೊಟ್ಟರೂ ಸರಿಯೇ. ಸಾಲಿಸಿಟರ್ ಇರಬೇಕು, ಇಲ್ಲವೇ ಇಮಿಗ್ರೇಷನ್ ಅಡ್ವೈಸ್ ಅಥಾರಿಟಿಯಲ್ಲಿ ನೋಂದಣಿ ಆದವರಿರಬೇಕು. 2025ಕ್ಕೆ ಮೊದಲು ಅದಕ್ಕೆ ಓಐಎಸ್‌ಸಿ ಎಂಬ ಹೆಸರಿತ್ತು. ನಾನು ಇಲ್ಲಿ ಹೇಳುತ್ತಿರುವುದೂ ದಾರಿ ಹೇಗಿದೆ ಎಂದಷ್ಟೇ. ಅಕ್ಕನ ಕೇಸಿನಲ್ಲಿ ಯಾವುದನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕು ಎಂದು ಅವರ ವಕೀಲರೇ ಹೇಳಬೇಕು.

ನಾಳೆ ಬೆಳಿಗ್ಗೆಯಿಂದಲೇ ಲೀಗಲ್ ಏಡ್ (ವಕೀಲರ ಖರ್ಚಿಗೆ ಸರ್ಕಾರ ಕೊಡುವ ನೆರವು) ಕೇಸು ತೆಗೆದುಕೊಳ್ಳುವ ವಕೀಲರ ಆಫೀಸುಗಳಿಗೆ ಫೋನ್ ಮಾಡಲು ಶುರು ಮಾಡಿ. ಒಂದೆರಡು ಕಡೆ ಆಗಲ್ಲ ಅಂದರೆ ಬೇಜಾರು ಮಾಡಿಕೊಳ್ಳಬೇಡಿ, ಎಲ್ಲ ಕಡೆ ಫೈಲುಗಳ ರಾಶಿ. ಫೋನ್ ಎತ್ತಿದ ಕೂಡಲೇ ಗಡುವಿನ ದಿನಾಂಕ ಹೇಳಿ. ಇಂಗ್ಲೆಂಡಿನಲ್ಲಿ ಮೇಲ್ಮನವಿಗೆ ಲೀಗಲ್ ಏಡ್ ಸಿಗಬೇಕಾದರೆ ಆದಾಯದ ಪರೀಕ್ಷೆಯೂ ಇದೆ, ಗೆಲ್ಲುವ ಸಾಧ್ಯತೆಯ ಪರೀಕ್ಷೆಯೂ ಇದೆ. ಗೆಲ್ಲುವ ಸಾಧ್ಯತೆ ಸಾಲದು ಎಂದು ಯಾವುದಾದರೂ ಆಫೀಸು ಕೈಬಿಟ್ಟರೆ, ಸಿಡಬ್ಲ್ಯೂ4 ಎಂಬ ಫಾರಂ ಕೇಳಿ ಪಡೆಯಿರಿ. ಆ ತೀರ್ಮಾನವನ್ನು ಮರುಪರಿಶೀಲನೆಗೆ ಕಳಿಸುವ ಫಾರಂ ಅದು. ಎಷ್ಟೋ ಜನರಿಗೆ ಅದೊಂದು ಇದೆ ಅನ್ನುವುದೇ ಗೊತ್ತಿಲ್ಲ.

ಮಂಜುಮಳೆ:

ನನ್ನ ಅನುಭವ ಹೇಳುತ್ತೇನೆ, ಯಾರಿಗಾದರೂ ಉಪಯೋಗ ಆಗಲಿ. ನನ್ನ ಗಂಡನ ಸ್ನೇಹಿತ ಒಬ್ಬರನ್ನು ಒಂದು ವಸತಿಯಿಂದ ಇನ್ನೊಂದಕ್ಕೆ ಹಾಕಿದ್ದರು. ತಿರಸ್ಕಾರದ ಕಾಗದ ಹಳೇ ವಿಳಾಸಕ್ಕೆ ಹೋಯಿತು. ಅಲ್ಲಿ ಯಾರೋ ಅದನ್ನು ಮೇಜಿನ ಮೇಲೆ ಇಟ್ಟು ಸುಮ್ಮನಾದರು. ಇವರ ಕೈಗೆ ಬರುವ ಹೊತ್ತಿಗೆ 14 ದಿನ ಮುಗಿದು ಮೇಲೆ 9 ದಿನ ಆಗಿತ್ತು. ಇವರು ಎರಡು ದಿನ ಊಟವೇ ಮಾಡಲಿಲ್ಲ, ಎಲ್ಲಾ ಮುಗಿಯಿತು ಎಂದುಕೊಂಡು.

ಆಮೇಲೆ ಸಾಲಿಸಿಟರ್ ಹೇಳಿದರು, ತಡವಾದರೂ ಹಾಕಬಹುದು, ಸಮಯ ವಿಸ್ತರಿಸುವ ಅಧಿಕಾರ ಟ್ರಿಬ್ಯೂನಲ್‌ಗೆ ಇದೆ ಎಂದು. ಆದರೆ ಬರೀ ತಡವಾಯಿತು ಎಂದರೆ ಸಾಲದು. ಯಾವ ದಿನ ವಸತಿ ಬದಲಾಯಿತು, ಯಾವ ದಿನ ಕಾಗದ ಸಿಕ್ಕಿತು, ಸಿಕ್ಕ ದಿನದಿಂದ ಅರ್ಜಿ ಹಾಕುವವರೆಗೆ ದಿನದಿನ ಏನು ಮಾಡಿದರು, ಎಲ್ಲಕ್ಕೂ ಪುರಾವೆ ಸಮೇತ ಬರೆದು ಕೊಟ್ಟರು. ಒಪ್ಪಿಕೊಂಡರು. ಒಪ್ಪದೇ ಹೋಗಿದ್ದರೆ ಏನು ಗತಿ ಎಂದು ಇವತ್ತಿಗೂ ನೆನೆಸಿಕೊಂಡರೆ ಎದೆ ನಡುಗುತ್ತದೆ. ಕಾವೇರಿತೀರ ಅವರೇ, ಎಂಟು ದಿನ ಇದೆ ಎಂದು ಎಂಟನೇ ದಿನದವರೆಗೆ ಕಾಯಬೇಡಿ.

ಕಾವೇರಿತೀರ:

ಹನ್ನೊಂದನೇ ಫೋನಿಗೆ ಒಬ್ಬರು ಸಿಕ್ಕರು! ನಾಳೆ ಬರಲು ಹೇಳಿದ್ದಾರೆ. ಇಬ್ಬರೂ ಹೋಗುತ್ತೇವೆ. ಶುಲ್ಕ ಎಷ್ಟು ಎಂದು ಅಕ್ಕ ಕೇಳುತ್ತಿದ್ದಾರೆ, ಕೈಯಲ್ಲಿ ದುಡ್ಡಿಲ್ಲ.

ಹಳೇಗುಮಾಸ್ತ:

ಒಳ್ಳೆಯದಾಯಿತು. ನಾವು ಹಾಕುತ್ತಿದ್ದಾಗ ವಿಚಾರಣೆ ಬೇಕು ಎಂದರೆ 140 ಪೌಂಡ್, ಬರೀ ಕಾಗದ ನೋಡಿ ತೀರ್ಮಾನಿಸಿ ಎಂದರೆ 80 ಪೌಂಡ್. ಆದರೆ ಲೀಗಲ್ ಏಡ್ ಸಿಕ್ಕವರು, ಹೋಮ್ ಆಫೀಸಿನಿಂದ ಅಸೈಲಂ ಸಪೋರ್ಟ್ (ವಸತಿ, ಖರ್ಚಿನ ಹಣದ ನೆರವು) ಪಡೆಯುವವರು ಕಟ್ಟಬೇಕಿಲ್ಲ. ಸಪೋರ್ಟ್ ಪತ್ರದ ನಕಲು ತೆಗೆದುಕೊಂಡು ಹೋಗಿ.

80ಕ್ಕೂ 140ಕ್ಕೂ ಇರುವ ವ್ಯತ್ಯಾಸ ನೋಡಿ ಕಾಗದದ ಮೇಲಿನ ತೀರ್ಮಾನ ಸಾಕು ಎಂದು ಯಾರೂ ಆರಿಸಬಾರದು ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ. ಹೋಮ್ ಆಫೀಸ್ ಹೇಳುತ್ತಿರುವುದೇ ನಿಮ್ಮ ಮಾತು ನಂಬಲು ಆಗಲ್ಲ ಎಂದು. ಮಾತಾಡದೆ ಅದಕ್ಕೆ ಉತ್ತರ ಕೊಡುವುದು ಹೇಗೆ?

ಅರ್ಜಿ ಹೋಗುವುದು ಫಸ್ಟ್ ಟಿಯರ್ ಟ್ರಿಬ್ಯೂನಲ್‌ನ ಇಮಿಗ್ರೇಷನ್ ಅಂಡ್ ಅಸೈಲಂ ಚೇಂಬರಿಗೆ, ಆನ್‌ಲೈನ್‌ನಲ್ಲಿ. ತಿರಸ್ಕಾರದ ಕಾಗದ ಜೊತೆಗೆ ಲಗತ್ತಿಸುತ್ತಾರೆ. ಆಧಾರಗಳು ಸಾಮಾನ್ಯವಾಗಿ ಮೂರು. ವಾಪಸ್ ಕಳಿಸಿದರೆ 1951ರ ನಿರಾಶ್ರಿತರ ಒಪ್ಪಂದ ಮುರಿದಂತೆ ಆಗುತ್ತದೆ, ಹ್ಯುಮಾನಿಟೇರಿಯನ್ ಪ್ರೊಟೆಕ್ಷನ್ (ನಿರಾಶ್ರಿತರ ವ್ಯಾಖ್ಯೆಗೆ ಬರದಿದ್ದರೂ ಗಂಭೀರ ಹಾನಿಯ ಅಪಾಯ ಇರುವವರಿಗೆ ರಕ್ಷಣೆ) ಕೊಡಬೇಕಾದ ಹೊಣೆ ಮುರಿದಂತೆ ಆಗುತ್ತದೆ, ಮಾನವ ಹಕ್ಕು ಮುರಿದಂತೆ ಆಗುತ್ತದೆ. ಹೇಳಬೇಕಾದ ಭಯ ಇನ್ನೇನಾದರೂ ಇದ್ದರೆ ಅದನ್ನು ನಾಳೆಯೇ ವಕೀಲರಿಗೆ ಹೇಳಿಬಿಡಲಿ. ತಡವಾಗಿ ಹೊಸ ವಿಷಯ ಎತ್ತಿದರೆ, ಹೋಮ್ ಆಫೀಸ್ ಒಪ್ಪದೆ ಜಡ್ಜ್ ಅದನ್ನು ನೋಡುವಂತಿಲ್ಲ. ನಾಚಿಕೆಗೆ, ಸಂಕೋಚಕ್ಕೆ ಬಾಯಿ ಬಿಡದ ವಿಷಯಗಳು ಇರುತ್ತವೆ ಅಲ್ವಾ, ಹೆಂಗಸರಿಗೆ ಜಾಸ್ತಿ. ಬೇಕಾದರೆ ಹೆಂಗಸು ವಕೀಲರನ್ನೇ ಕೇಳಿ, ದುಭಾಷಿಯೂ ಹೆಂಗಸೇ ಇರಲಿ ಎಂದು ಕೇಳಿ.

ಕಾವೇರಿತೀರ:

ಅರ್ಜಿ ಹೋಯಿತು, 11ನೇ ದಿನ. ರಸೀದಿ ಇಮೇಲ್ ಬಂದಾಗ ಅಕ್ಕ ನನ್ನ ಫೋನನ್ನೇ ಕಣ್ಣಿಗೆ ಒತ್ತಿಕೊಂಡರು.

ಈಗ ವಕೀಲರು ಸ್ಟೇಟ್‌ಮೆಂಟ್, ಅಂದರೆ ಅಕ್ಕನ ಲಿಖಿತ ಹೇಳಿಕೆ, ಬರೆಯಬೇಕು ಎನ್ನುತ್ತಿದ್ದಾರೆ. ಇಂಟರ್‌ವ್ಯೂನಲ್ಲಿ ಎಲ್ಲಾ ಹೇಳಿಯಾಗಿದೆ, ಮತ್ತೆ ಯಾಕೆ ಎಂದು ಅಕ್ಕನಿಗೆ ಸಂಕಟ. ಅದನ್ನೆಲ್ಲ ಮತ್ತೆ ನೆನೆಯುವುದು ಅವರಿಗೆ ಸುಲಭ ಅಲ್ಲ.

ಹಳೇಗುಮಾಸ್ತ:

ಅವರ ಸಂಕಟ ಅರ್ಥ ಆಗುತ್ತದೆ. ಆದರೂ ಕೇಸು ನಿಲ್ಲುವುದು, ಬೀಳುವುದು ಈ ಸ್ಟೇಟ್‌ಮೆಂಟಿನ ಮೇಲೆ. ಎಲ್ಲರೂ ವಿಚಾರಣೆಯ ದಿನವೇ ದೊಡ್ಡದು ಎಂದುಕೊಳ್ಳುತ್ತಾರೆ. ನಾನು ಕಂಡ ಹಾಗೆ ಬಹಳಷ್ಟು ಕೇಸುಗಳ ಹಣೆಬರಹ ಅದಕ್ಕಿಂತ ಎಷ್ಟೋ ಮೊದಲು, ಒಂದು ಸಣ್ಣ ಕೋಣೆಯಲ್ಲಿ, ತಿರಸ್ಕಾರದ ಕಾಗದ ಮುಂದಿಟ್ಟುಕೊಂಡು ಕೂತಾಗಲೇ ತೀರ್ಮಾನ ಆಗಿರುತ್ತದೆ.

ನಮ್ಮ ಆಫೀಸಿನಲ್ಲಿ ಹೀಗೆ ಮಾಡುತ್ತಿದ್ದೆವು. ಒಂದು ಹಾಳೆಯಲ್ಲಿ ಮೂರು ಕಾಲಂ ಗೆರೆ ಹಾಕುವುದು. ಮೊದಲನೆಯದರಲ್ಲಿ ತಿರಸ್ಕಾರದ ಕಾಗದದ ಪ್ಯಾರಾ ನಂಬರು. ಎರಡನೆಯದರಲ್ಲಿ ಅವರ ತಕರಾರು, ಒಂದೇ ಸಾಲಿನಲ್ಲಿ. ಮೂರನೆಯದರಲ್ಲಿ ನಮ್ಮ ಉತ್ತರ, ಅದಕ್ಕೆ ಪುರಾವೆ ಎಲ್ಲಿದೆ ಎಂಬುದು. ಒಂದು ಪ್ಯಾರಾ ಕೂಡ ಖಾಲಿ ಬಿಡುವ ಹಾಗಿಲ್ಲ. ಖಾಲಿ ಬಿಟ್ಟ ಪ್ಯಾರಾದ ಮೇಲೇ ಪಾಟೀಸವಾಲು ಬರುತ್ತದೆ.

ಉದಾಹರಣೆ ಕೊಡುತ್ತೇನೆ, ಯಾರದೂ ನಿಜವಾದ ಕೇಸಲ್ಲ. ಪ್ಯಾರಾ 23: 'ಸ್ಕ್ರೀನಿಂಗ್‌ನಲ್ಲಿ ಒಂದು ಸಲ ಬಂಧನ ಎಂದಿರಿ, ದೊಡ್ಡ ಇಂಟರ್‌ವ್ಯೂನಲ್ಲಿ ಎರಡು ಸಲ ಎಂದಿರಿ, ಆದ್ದರಿಂದ ನಂಬುವುದಿಲ್ಲ.' ಕೂತು ಕೇಳಿದರೆ ಆ ಮನುಷ್ಯ ಏನು ಹೇಳುತ್ತಾನೆ? ಮೊದಲ ಸಲ ರಾತ್ರಿ ಕರೆದುಕೊಂಡು ಹೋಗಿ ಬೆಳಗಿನ ಜಾವ ಬಿಟ್ಟರು, ಅದನ್ನು ನಾನು ಬಂಧನ ಎಂದು ಎಣಿಸಲೇ ಇಲ್ಲ, ನಮ್ಮೂರಲ್ಲಿ ಅದು ಎಲ್ಲರಿಗೂ ಆಗುತ್ತಿತ್ತು. ನೋಡಿ, ಸುಳ್ಳು ಎಂದು ಕಂಡದ್ದು ಸುಳ್ಳಲ್ಲ. ಆದರೆ ಅದನ್ನು ಸ್ಟೇಟ್‌ಮೆಂಟಿನಲ್ಲಿ ಬರೆಯದೆ ಬಿಟ್ಟರೆ ವಿಚಾರಣೆಯ ದಿನ ಗಾಬರಿಯಲ್ಲಿ ಹೇಳಿದಾಗ ಆಗ ಹೊಸೆದ ಮಾತಿನ ಹಾಗೆ ಕೇಳಿಸುತ್ತದೆ. ಸ್ಕ್ರೀನಿಂಗ್ ಅಂದರೆ ಬಂದ ಹೊಸದರಲ್ಲಿ, ನಿದ್ದೆ ಇಲ್ಲದೆ, ಚಿಕ್ಕದಾಗಿ ಹೇಳಿ ಎಂದು ಕೇಳಿ ಬರೆದುಕೊಂಡದ್ದು. ಅದನ್ನೂ ಸ್ಪಷ್ಟವಾಗಿ ಬರೆಯಬೇಕು.

ಇಂಟರ್‌ವ್ಯೂನ ಪ್ರತಿಯನ್ನು ಸಾಲು ಸಾಲಾಗಿ ಓದಿಸಿಕೊಳ್ಳಿ. ತಪ್ಪು ಅನುವಾದ ಅನ್ನಿಸಿದರೆ ಧ್ವನಿಮುದ್ರಣ ಕೇಳಿ ಪಡೆಯಬಹುದು. ಇನ್ನೊಂದು, ದಾರಿಯಲ್ಲಿ ಬೇರೆ ಸುರಕ್ಷಿತ ದೇಶ ಸಿಕ್ಕಿದ್ದರೆ ಅಲ್ಲೇ ಯಾಕೆ ಆಶ್ರಯ ಕೇಳಲಿಲ್ಲ ಎಂಬ ಪ್ರಶ್ನೆ ಬಂದೇ ಬರುತ್ತದೆ. 2004ರ ಕಾಯ್ದೆಯ ಸೆಕ್ಷನ್ 8 ಅದನ್ನು ನಂಬಿಕೆಗೆ ಧಕ್ಕೆ ಎಂದು ಎಣಿಸಲು ಹೇಳುತ್ತದೆ. ಏಜೆಂಟ್ ಹೇಳಿದ ಹಾಗೆ ಬಂದೆ ಎಂಬುದೇ ನಿಜವಾದರೆ ಅದನ್ನೇ ಬರೆಯಲಿ.

ಬರ್ಮಿಂಗ್‌ಹ್ಯಾಮ್ ಕನ್ನಡಿಗ:

ನನ್ನ ಅಭಿಪ್ರಾಯ, ಆದಷ್ಟು ಜಾಸ್ತಿ ಕಾಗದ ಹಾಕಿ. ಶ್ರೀಲಂಕಾದ ಬಗ್ಗೆ ಪತ್ರಿಕೆ ವರದಿ, ಮಾನವ ಹಕ್ಕು ಸಂಸ್ಥೆಗಳ ವರದಿ, ಏನೇನು ಸಿಗುತ್ತದೋ ಎಲ್ಲಾ. ದಪ್ಪ ಬಂಡಲ್ ನೋಡಿದರೆ ಜಡ್ಜ್‌ಗೂ ಇದರಲ್ಲಿ ಏನೋ ಇದೆ ಅನ್ನಿಸುತ್ತದೆ.

ಹಳೇಗುಮಾಸ್ತ:

ಇದಕ್ಕೆ ನನ್ನ ಒಪ್ಪಿಗೆ ಇಲ್ಲ ಸರ್, ಬೇಸರ ಮಾಡಿಕೊಳ್ಳಬೇಡಿ. 300 ಪುಟದ ವರದಿ ಹಾಕಿದರೆ ಅದರೊಳಗೆ ಅಕ್ಕನಿಗೆ ಸಂಬಂಧಪಟ್ಟ ಎರಡು ಸಾಲು ಮುಳುಗಿಹೋಗುತ್ತವೆ. ಆ ಎರಡು ಸಾಲಿನ ಪುಟ, ಅದಕ್ಕೆ ಗುರುತು, ಅಷ್ಟು ಸಾಕು. ಸೂಚಿ ಇರಲಿ, ಪುಟ ಸಂಖ್ಯೆ ಇರಲಿ. ತಮಿಳಿನ, ಸಿಂಹಳದ ಕಾಗದ ಇದ್ದರೆ ಇಂಗ್ಲಿಷ್ ಅನುವಾದ, ಅನುವಾದಕರ ದೃಢೀಕರಣ ಸಮೇತ. ಊರಿನಿಂದ ಕಾಗದ ತರಿಸಿದರೆ ಯಾರು ಕಳಿಸಿದರು, ಹೇಗೆ ಬಂತು, ಅದೂ ಬರೆಯಬೇಕು. 2002ರ ತನ್ವೀರ್ ಅಹ್ಮದ್ ತೀರ್ಪಿನಿಂದ ಇಲ್ಲಿಯವರೆಗೂ ಅದೇ ಕ್ರಮ. ಕಾಗದವನ್ನು ನಂಬಬಹುದು ಎಂದು ತೋರಿಸುವ ಹೊಣೆ ತಂದವರದ್ದು, ಜಡ್ಜ್ ಅದನ್ನು ಉಳಿದೆಲ್ಲ ಪುರಾವೆಯ ಜೊತೆ ಇಟ್ಟು ನೋಡುತ್ತಾರೆ.

ಶ್ರೀಲಂಕಾಕ್ಕೆ ಸಂಬಂಧಿಸಿ ವಕೀಲರು ಎರಡು ತೀರ್ಪು ತೆಗೆದೇ ತೆಗೆಯುತ್ತಾರೆ, 2013ರ ಜಿಜೆ ಮತ್ತು 2021ರ ಕೆಕೆ ಅಂಡ್ ಆರ್‌ಎಸ್. ಇವನ್ನು ಕಂಟ್ರಿ ಗೈಡೆನ್ಸ್ ಎನ್ನುತ್ತಾರೆ. ವಾಪಸ್ ಹೋದರೆ ಯಾವ ತರಹದ ಜನರಿಗೆ ಅಪಾಯ ಎಂದು ಮೇಲಿನ ಹಂತದ ಅಪ್ಪರ್ ಟ್ರಿಬ್ಯೂನಲ್ ಅವುಗಳಲ್ಲಿ ಬರೆದಿಟ್ಟಿದೆ. ಅಕ್ಕ ಅದರಲ್ಲಿ ಎಲ್ಲಿ ಬರುತ್ತಾರೆ ಎಂದು ತೋರಿಸುವುದೇ ವಾದ.

ಮೈಮೇಲೆ ಗಾಯದ ಗುರುತು ಇದ್ದರೆ ವೈದ್ಯರ ವರದಿ ಮಾಡಿಸಬೇಕು. ಚಿತ್ರಹಿಂಸೆಯ ಗುರುತುಗಳನ್ನು ಪರೀಕ್ಷಿಸಿ ದಾಖಲಿಸಲು ಇಸ್ತಾಂಬುಲ್ ಪ್ರೋಟೋಕಾಲ್ ಎಂಬ ಕ್ರಮ ಇದೆ. ಗಾಯ ಹೇಳಿದ ಕಾರಣಕ್ಕೆ ಹೊಂದುವುದಿಲ್ಲ ಅನ್ನುವುದರಿಂದ ಹಿಡಿದು ಬೇರೆ ಕಾರಣವೇ ಇರಲಾರದು ಅನ್ನುವವರೆಗೆ ಐದು ಮೆಟ್ಟಿಲು. 2019ರಲ್ಲಿ ಇಲ್ಲಿನ ಸುಪ್ರೀಂ ಕೋರ್ಟ್ ಕೆವಿ ಎಂಬ ಶ್ರೀಲಂಕಾದ ತಮಿಳರ ಕೇಸಿನಲ್ಲಿಯೇ ಹೇಳಿತು, ಒಂದೊಂದು ಗಾಯದ ಬಗ್ಗೆ ಮಾತ್ರವಲ್ಲ, ಇಡೀ ಘಟನೆಗೆ ಆ ಗಾಯ ಹೊಂದುತ್ತದೆಯೇ ಎಂದೂ ವೈದ್ಯರು ಹೇಳಬಹುದು ಎಂದು. ಇದಕ್ಕೆ ಸಮಯ ಹಿಡಿಯುತ್ತದೆ, ಈಗಲೇ ಕೇಳಿ.

ಇದೆಲ್ಲ ಸೇರಿದ ಮೇಲೆ ವಕೀಲರು ಸ್ಕೆಲಿಟನ್ ಆರ್ಗ್ಯುಮೆಂಟ್, ಅಂದರೆ ವಾದದ ಲಿಖಿತ ಸಾರಾಂಶ, ಬರೆದು ಹಾಕುತ್ತಾರೆ. ಹೋಮ್ ಆಫೀಸ್ ಅದನ್ನು ನೋಡಿ ತನ್ನ ತೀರ್ಮಾನವನ್ನು ಮರುಪರಿಶೀಲನೆ ಮಾಡಬೇಕು. ಅಲ್ಲೇ ಅವರು ಮನಸ್ಸು ಬದಲಾಯಿಸಿ ತೀರ್ಮಾನ ವಾಪಸ್ ತೆಗೆದುಕೊಂಡ ಕೇಸುಗಳನ್ನೂ ನೋಡಿದ್ದೇನೆ. ಸ್ಟೇಟ್‌ಮೆಂಟ್ ಮೊದಲೇ ಗಟ್ಟಿ ಇರಲಿ ಎನ್ನುವುದು ಅದಕ್ಕೂ ಸೇರಿ.

ಬರ್ಮಿಂಗ್‌ಹ್ಯಾಮ್ ಕನ್ನಡಿಗ:

ಸರಿ, ಒಪ್ಪಿದೆ. ನಾನು ನೋಡಿದ್ದು ಒಂದೇ ಕೇಸು. ಎಷ್ಟರ ಮಟ್ಟಿಗೆ ಸಾಬೀತು ಮಾಡಬೇಕು ಎಂಬುದನ್ನೂ ಹೇಳಿಬಿಡಿ, ಅಲ್ಲೇ ಜನ ಹೆದರುವುದು.

ಹಳೇಗುಮಾಸ್ತ:

ಕ್ರಿಮಿನಲ್ ಕೇಸಿನ ಹಾಗೆ ಸಂಶಯಕ್ಕೆ ಎಡೆಯಿಲ್ಲದಂತೆ ಅಲ್ಲ. 28 ಜೂನ್ 2022ಕ್ಕೆ ಮೊದಲು ಅರ್ಜಿ ಹಾಕಿದವರಿಗೆ ಅಪಾಯದ ಸಾಧ್ಯತೆ ಗಂಭೀರವಾಗಿ ಇದೆ ಎಂದು ತೋರಿದರೆ ಸಾಕಿತ್ತು. ಆ ದಿನದಿಂದ ಈಚೆಗೆ ಹಾಕಿದವರಿಗೆ ಎರಡು ಹಂತ. ನಿಮಗೆ ನಿಜವಾಗಿ ಭಯ ಇದೆ, ಅದು ಜನಾಂಗ, ಧರ್ಮ, ರಾಜಕೀಯ ಅಭಿಪ್ರಾಯ ಇಂಥ ಕಾರಣಕ್ಕೆ ಎಂಬುದನ್ನು ಅರ್ಧಕ್ಕಿಂತ ಹೆಚ್ಚು ಸಂಭವ ಎಂದು ತೋರಿಸಬೇಕು. ವಾಪಸ್ ಹೋದರೆ ಅಪಾಯ ಇದೆಯೇ ಎಂಬುದಕ್ಕೆ ಹಳೆಯ ಕಡಿಮೆ ಅಳತೆಯೇ. ಮೊದಲ ಹಂತ ಬಿಗಿ ಆಗಿರುವುದರಿಂದಲೇ ನಾನು ಸ್ಟೇಟ್‌ಮೆಂಟ್ ಸ್ಟೇಟ್‌ಮೆಂಟ್ ಎಂದು ಬಡಿದುಕೊಳ್ಳುತ್ತಿರುವುದು.

ದುಭಾಷಿ:

ಕೋರ್ಟುಗಳಲ್ಲಿ ತಮಿಳು, ಕನ್ನಡ ಅನುವಾದ ಮಾಡುತ್ತೇನೆ. ಒಂದು ವಿಷಯ ಸೇರಿಸಬೇಕು. ವಿಚಾರಣೆಗೆ ಏನೇನು ಬೇಕು ಎಂದು ಟ್ರಿಬ್ಯೂನಲ್ ಕೇಳುತ್ತದೆ. ಆಗ ಭಾಷೆ ತಮಿಳು ಎಂದು ಬರೆದು ಸುಮ್ಮನಾಗಬೇಡಿ, ಶ್ರೀಲಂಕಾದ ತಮಿಳು ಎಂದು ಬರೆಯಿಸಿ. ಜಾಫ್ನಾದವರು 'ಕದೈಕ್ಕಿರದು' ಎಂದರೆ ಮಾತಾಡುವುದು. ತಮಿಳುನಾಡಿನವರಿಗೆ ಕದೈ ಎಂದರೆ ಕತೆ, ನಮ್ಮ ಕನ್ನಡದ ಹಾಗೆಯೇ. ಅಣ್ಣನ ಹತ್ತಿರ ಮಾತಾಡಿದೆ ಎಂದು ಒಬ್ಬರು ಹೇಳಿದ್ದು ಕತೆ ಹೇಳಿದೆ ಎಂದು ಇಂಗ್ಲಿಷಿಗೆ ಹೋದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಯಾವ ಕೇಸು ಎಂದು ಹೇಳುವುದಿಲ್ಲ. ಕತೆ ಹೇಳಿದೆ! ನಂಬಿಕೆಯ ಪ್ರಶ್ನೆಯೇ ಇರುವ ಕೇಸಿನಲ್ಲಿ ಆ ಪದ ಎಷ್ಟು ಕೆಡಿಸುತ್ತದೆ ಎಂದು ಯೋಚಿಸಿ.

ಶುರುವಿನಲ್ಲಿ ದುಭಾಷಿಯ ಮಾತು ಅರ್ಥ ಆಗುತ್ತಿದೆಯೇ ಎಂದು ಜಡ್ಜ್ ಕೇಳುತ್ತಾರೆ. ಅರ್ಥ ಆಗದಿದ್ದರೆ ಆಗಲೇ ಹೇಳಬೇಕು. ಸಂಕೋಚಕ್ಕೆ ತಲೆ ಆಡಿಸಿಬಿಡುತ್ತಾರೆ, ಅದು ಬೇಡ. ಕಾವೇರಿತೀರ, ನೀವು ಒಳಗೆ ಕೂರಬಹುದು, ಆದರೆ ಮಧ್ಯೆ ತಿದ್ದಬೇಡಿ. ತಪ್ಪು ಕೇಳಿಸಿದರೆ ಚೀಟಿಯಲ್ಲಿ ಬರೆದು ವಕೀಲರಿಗೆ ಕೊಡಿ.

ಕಾವೇರಿತೀರ:

ಇದನ್ನು ಅಕ್ಕನಿಗೆ ಓದಿ ಹೇಳಿದೆ. ತಕ್ಷಣ ಹೌದು ಹೌದು ಎಂದರು, ಇಂಟರ್‌ವ್ಯೂನಲ್ಲೂ ಹೀಗೇ ಏನೋ ಆಗಿತ್ತಂತೆ. ವಕೀಲರಿಗೆ ಹೇಳಿದ್ದೇವೆ, ಧ್ವನಿಮುದ್ರಣ ಕೊಡಿ ಎಂದು ಅವರು ಕೇಳಿದ್ದಾರೆ. ಆ ದಿನ ಒಳಗೆ ಏನು ನಡೆಯುತ್ತದೆ ಎಂದು ಯಾರಾದರೂ ಹೇಳಿದರೆ ಅವರಿಗೆ ಧೈರ್ಯ ಬರುತ್ತದೆ.

ದುಭಾಷಿ:

ಸಿನಿಮಾದ ಕೋರ್ಟಿನ ಹಾಗೆ ಇರುವುದಿಲ್ಲ. ಲಂಡನ್ನಿನ ಟೇಲರ್ ಹೌಸ್ ಆಗಲಿ ಹ್ಯಾಟನ್ ಕ್ರಾಸ್ ಆಗಲಿ, ಆಫೀಸಿನ ಕೋಣೆಯಂಥದ್ದು. ಎದುರಿಗೆ ಜಡ್ಜ್, ಒಂದು ಕಡೆ ಅಕ್ಕನ ವಕೀಲರು, ಇನ್ನೊಂದು ಕಡೆ ಹೋಮ್ ಆಫೀಸಿನ ಪರ ವಾದಿಸುವ ಪ್ರೆಸೆಂಟಿಂಗ್ ಆಫೀಸರ್. ಈಗ ವಿಡಿಯೋ ಮೂಲಕವೂ ನಡೆಯುತ್ತದೆ. ಮೊದಲು ಹೆಸರು, ವಿಳಾಸ, ಈ ಸ್ಟೇಟ್‌ಮೆಂಟ್ ನಿಮ್ಮದೇ, ನಿಮ್ಮ ಭಾಷೆಯಲ್ಲಿ ಓದಿ ಹೇಳಿದ್ದಾರಾ, ಎಲ್ಲಾ ನಿಜವಾ ಎಂದು ಕೇಳುತ್ತಾರೆ. ಹೌದು ಎಂದರೆ ಅದೇ ಮುಖ್ಯ ಸಾಕ್ಷ್ಯ. ಆಮೇಲೆ ಪಾಟೀಸವಾಲು, ನಂತರ ಅಕ್ಕನ ವಕೀಲರ ಮರುಪ್ರಶ್ನೆ. ಜಡ್ಜ್ ಕೂಡ ಸ್ಪಷ್ಟನೆಗೆ ಕೇಳಬಹುದು. ಕೊನೆಗೆ ವಾದ, ಮೊದಲು ಹೋಮ್ ಆಫೀಸಿನವರು, ಆಮೇಲೆ ಅಕ್ಕನ ಕಡೆಯವರು.

ಚಿಕ್ಕ ವಾಕ್ಯದಲ್ಲಿ ಉತ್ತರಿಸಲಿ, ನಾವು ಅನುವಾದ ಮುಗಿಸುವವರೆಗೆ ನಿಲ್ಲಲಿ. ನೆನಪಿಲ್ಲ ಎಂದರೆ ನೆನಪಿಲ್ಲ ಎಂದೇ ಹೇಳಲಿ. ತಾರೀಖು ಗೊತ್ತಿಲ್ಲದೆ ಊಹಿಸಿ ಹೇಳಿ ಸಿಕ್ಕಿಹಾಕಿಕೊಂಡವರನ್ನು ತುಂಬಾ ನೋಡಿದ್ದೇನೆ. ಅಳು ಬಂದರೆ, ತಲೆ ಸುತ್ತಿದರೆ ಐದು ನಿಮಿಷ ಬಿಡುವು ಕೇಳಬಹುದು. ಚಿತ್ರಹಿಂಸೆ ಅನುಭವಿಸಿದವರು, ಮನಸ್ಸಿನ ಕಾಯಿಲೆ ಇರುವವರು ಆಗಿದ್ದರೆ ಮೊದಲೇ ತಿಳಿಸಿದರೆ ಪ್ರಶ್ನೆ ಕೇಳುವ ರೀತಿಯನ್ನೇ ಬದಲಾಯಿಸುತ್ತಾರೆ.

ಮಂಜುಮಳೆ:

ಸೋತರೆ? ಕೇಳಬಾರದು, ಆದರೂ ಗೊತ್ತಿರಲಿ ಅಂತ.

ಹಳೇಗುಮಾಸ್ತ:

ಕೇಳಲೇಬೇಕು. ತೀರ್ಪು ಸಾಮಾನ್ಯವಾಗಿ ಅದೇ ದಿನ ಹೇಳುವುದಿಲ್ಲ, ಬರಹದಲ್ಲಿ ಬರುತ್ತದೆ. ಸೋತರೆ ಅಪ್ಪರ್ ಟ್ರಿಬ್ಯೂನಲ್‌ಗೆ ಹೋಗಲು ಅನುಮತಿ ಬೇಕು. ಮೊದಲು ಫಸ್ಟ್ ಟಿಯರ್‌ನಲ್ಲೇ ಕೇಳಬೇಕು, ಮತ್ತೆ 14 ದಿನ. ಅಲ್ಲಿ ಕೊಡದಿದ್ದರೆ ನೇರವಾಗಿ ಅಪ್ಪರ್ ಟ್ರಿಬ್ಯೂನಲ್‌ನಲ್ಲಿ, ಅದಕ್ಕೂ 14 ದಿನ. ತೀರ್ಪು ಒಪ್ಪಿಗೆ ಇಲ್ಲ ಎನ್ನುವುದು ಕಾರಣ ಆಗುವುದಿಲ್ಲ, ಕಾನೂನಿನ ತಪ್ಪು ತೋರಿಸಬೇಕು. ಮುಖ್ಯ ಪುರಾವೆಯನ್ನು ಜಡ್ಜ್ ನೋಡಲೇ ಇಲ್ಲ, ಕಂಟ್ರಿ ಗೈಡೆನ್ಸ್ ಬಿಟ್ಟುಬಿಟ್ಟರು, ಇಂಥವು. ಗೆದ್ದರೆ ಹೋಮ್ ಆಫೀಸಿಗೂ ಅದೇ 14 ದಿನದ ಅವಕಾಶ ಇದೆ, ಆದ್ದರಿಂದ ಗೆದ್ದ ಕಾಗದ ಬಂದ ದಿನವೇ ಎಲ್ಲಾ ಮುಗಿಯಿತು ಎಂದುಕೊಳ್ಳಬೇಡಿ. ಎಲ್ಲಾ ದಾರಿ ಮುಗಿದ ಮೇಲೂ ಹೊಸ ಪುರಾವೆ ಸಿಕ್ಕರೆ ಮತ್ತೆ ಹೋಮ್ ಆಫೀಸಿನ ಮುಂದೆ ಇಡಬಹುದು. ಆದರೆ ಅದು ನಿಜಕ್ಕೂ ಹೊಸದಾಗಿರಬೇಕು, ಹಳೆಯದನ್ನೇ ತಿರುಗಿಸಿ ಬರೆದದ್ದಲ್ಲ.

ಕಾವೇರಿತೀರ:

ಬಹಳ ದಿನದ ಮೇಲೆ ಬರೆಯುತ್ತಿದ್ದೇನೆ. ವಿಚಾರಣೆ ನಿನ್ನೆ ಮುಗಿಯಿತು. ದುಭಾಷಿ ಜಾಫ್ನಾ ಕಡೆಯವರೇ ಇದ್ದರು, ಮೊದಲ ಮಾತಿಗೇ ಅಕ್ಕನ ಭುಜ ಸ್ವಲ್ಪ ಸಡಿಲ ಆದದ್ದು ನನಗೆ ಹಿಂದಿನಿಂದ ಕಾಣಿಸಿತು. ಎರಡು ಗಂಟೆಗೂ ಮೇಲೆ ಪ್ರಶ್ನೆ ಕೇಳಿದರು. ಬಂಧನದ ತಾರೀಖು ಕೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು 'ದಿನ ನೆನಪಿಲ್ಲ, ಮಳೆಗಾಲ, ಮಗನಿಗೆ ಜ್ವರ ಇತ್ತು' ಎಂದರು. ಸ್ಟೇಟ್‌ಮೆಂಟಿನಲ್ಲೂ ಅದೇ ಇತ್ತು. ವಕೀಲರು ಆ ಪ್ಯಾರಾ ನಂಬರು ಹೇಳಿದರು, ಜಡ್ಜ್ ತೆಗೆದು ನೋಡಿ ಬರೆದುಕೊಂಡರು. ತೀರ್ಪು ಆಮೇಲೆ ಕಳಿಸುತ್ತಾರಂತೆ.

ಒಂದು ಪ್ರಶ್ನೆ ಉಳಿದಿದೆ. ಮುಂದಿನ ವಾರ ಅಕ್ಕನನ್ನು ಬೇರೆ ವಸತಿಗೆ ಕಳಿಸುತ್ತಿದ್ದಾರೆ. ವಿಳಾಸ ಬದಲಾಗಿದ್ದು ತೀರ್ಪು ಬಂದ ಮೇಲೆ ತಿಳಿಸಿದರೆ ಸಾಕಾ?

ಹಳೇಗುಮಾಸ್ತ:

ಸಾಲದು. ಹೊಸ ವಿಳಾಸ ಕೈಗೆ ಬಂದ ದಿನವೇ ವಕೀಲರಿಗೆ ಕೊಡಿ, ಟ್ರಿಬ್ಯೂನಲ್‌ಗೂ ಹೋಮ್ ಆಫೀಸಿಗೂ ಬೇರೆ ಬೇರೆಯಾಗಿ ಬರಹದಲ್ಲಿ ತಿಳಿಸಲು ಹೇಳಿ. ಒಬ್ಬರಿಗೆ ಹೇಳಿದರೆ ಇನ್ನೊಬ್ಬರಿಗೆ ತಲುಪುವುದಿಲ್ಲ. ಕಳಿಸಿದ ಇಮೇಲಿನ ಪ್ರತಿ ಇಟ್ಟುಕೊಳ್ಳಿ. ಹಳೇ ವಸತಿ ಬಿಡುವ ಮೊದಲು ಅಲ್ಲಿಯವರಿಗೂ ನಿಮ್ಮ ಫೋನ್ ನಂಬರ್ ಕೊಟ್ಟು, ಅಕ್ಕನ ಹೆಸರಿಗೆ ಕಾಗದ ಬಂದರೆ ಕರೆ ಮಾಡಲು ಹೇಳಿ.

ಮಂಜುಮಳೆ:

ನಂಬರ್ ಒಂದು ಚೀಟಿಯಲ್ಲಿ ಬರೆದು ಕಾಗದ ಇಡುವ ಆ ಮೇಜಿಗೇ ಅಂಟಿಸಿ ಬನ್ನಿ.

ಕಾವೇರಿತೀರ:

ಸರಿ, ಇವತ್ತೇ ಹೋಗುತ್ತೇನೆ.